ಕಡ್ಲೆಪುರಿ ತಿಂದ ಕೋವಿಯನ್ನು ಮನೆಗೆ ಕಳಿಸುವ ಬಗ್ಗೆ

ತುಕ್ಕು ಕಂಡರೆ ಕಣ್ಣೀರು ಹಾಕುವ ಪುರಾತನಪ್ರಿಯರೇ, ಗೋಡೆಗೆ ಕತ್ತಿ, ಮೂಲೆಗೆ ಈಟಿ, ಟೀವಿಯ ಪಕ್ಕ ಫಿರಂಗಿಗುಂಡು ಇಟ್ಟುಕೊಂಡು ಸಂಸಾರ ಮಾಡುತ್ತಿರುವ ಸಂಗ್ರಾಹಕ ಶಿರೋಮಣಿಗಳೇ, ಪಲ್ಟನ್ನುಗಳು ಬಿಸಾಡಿದ್ದನ್ನು ಹರಾಜಿನಲ್ಲಿ ಹಿಡಿದು, ಎಣ್ಣೆ ಉಣಿಸಿ, ಕೂಸಿನಂತೆ ಮಲಗಿಸುವ ಮಹಾನುಭಾವರೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ಕೋವಿಗಾಗಿ ಒಂದು ನಿಮಿಷ ಮೌನ. ಆಯಿತು, ಕುಳಿತುಕೊಳ್ಳಿ. ಸಭೆಯಲ್ಲಿ ಯಾರೂ ಇಲ್ಲವೆಂಬುದು ನನಗೂ ಗೊತ್ತು. ಆದರೆ ಇಷ್ಟು ಜನರನ್ನು ಬೆನ್ನಿಗಿಟ್ಟುಕೊಳ್ಳದೆ ಸರ್ಕಾರಿ ಮೇಜಿನ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ.

ಇನ್ನು ತಮ್ಮ ಕಡೆ ತಿರುಗುತ್ತೇನೆ, ಆಯುಧ ಪರವಾನಗಿಯ ಮಾನ್ಯ ಅಧಿಕಾರಿಗಳೇ.

ನಮ್ಮ ಮನೆಯ ಕೋವಿ ತಮ್ಮ ವಶದಲ್ಲಿದೆ. ಹೋದ ವರ್ಷದ ಲೋಕಸಭಾ ಚುನಾವಣೆಗೆಂದು, ನಿಯಮದಂತೆ, ಠಾಣೆಗೆ ಒಪ್ಪಿಸಿ ರಸೀದಿ ಪಡೆದೆವು. ಚುನಾವಣೆ ಮುಗಿಯಿತು. ಗೆದ್ದವರು ದೆಹಲಿಗೆ ಹೋದರು, ಸೋತವರು ಮನೆಗೆ ಹೋದರು, ಕೋವಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದರ ಮೇಲಿರುವ ಆರೋಪವೆಂದರೆ ಅದರ ಹೊಟ್ಟೆಯಲ್ಲಿ ಕಡ್ಲೆಪುರಿ ಇದೆ ಎಂಬುದು. ಈಗ ತಮ್ಮ ಕಚೇರಿಯಿಂದ ಬಂದಿರುವ ಕೊನೆಯ ಪತ್ರದಂತೆ, ದಸರಾ ಮುಗಿದ ಮೇಲೆ ಅದನ್ನು ಇತರ ಅಪಾಯಕಾರಿ ವಸ್ತುಗಳ ಜೊತೆ ಕುಲುಮೆಗೆ ಹಾಕಿ ಕರಗಿಸಲಾಗುವುದು. ಆಯುಧಪೂಜೆಗೆ ಮಂಗಳಾರತಿ, ಅದಾದ ಮೇಲೆ ಆಯುಧಕ್ಕೇ ಮಂಗಳ. ಮೈಸೂರು ನೂರಾರು ದಸರೆಗಳನ್ನು ನೋಡಿದೆ. ಇಂಥ ಸಂಪ್ರದಾಯವನ್ನು ನೋಡಿರಲಾರದು.

ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ವಿದ್ಯಾರಣ್ಯಪುರಂ ನಿವಾಸಿ, ಕನ್ನಡ ಮಾಧ್ಯಮದಲ್ಲೇ ಓದಿ ಪದವಿ ಪಡೆದವನು. ದೇವರಾಜ ಮೊಹಲ್ಲಾದ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದಗಳಿಗೆ ಒಕ್ಕಣೆ ಬರೆಯುತ್ತೇನೆ. 'ಬಾಳೆಲೆ ಹಾಸಿದೆ, ಬರುವಿರೆಂಬ ಆಸೆಯಿದೆ' ಎಂಬ ಧಾಟಿಯ ಸಾಲುಗಳನ್ನು ತಾವು ಯಾವುದಾದರೂ ಕಾಗದದಲ್ಲಿ ಓದಿದ್ದರೆ ಅದು ನನ್ನ ಕೈಕೆಲಸವಿರಬಹುದು. ಹೊಟ್ಟೆಪಾಡಿಗೆ ಪ್ರಾಸ ಹೊಸೆದು ಹೊಸೆದು ಮಾತೂ ಹಾಗೇ ಆಗಿಹೋಗಿದೆ. ದಯಮಾಡಿ ನನ್ನ ಪ್ರಾಸವನ್ನು ಪರವಾನಗಿ ಇಲ್ಲದ ಆಯುಧವೆಂದು ಭಾವಿಸಬಾರದು. ಇದೆಲ್ಲಕ್ಕಿಂತ ಮುಖ್ಯವಾಗಿ ನಾನೊಬ್ಬ ಪುರಾತನ ಆಯುಧಗಳ ಆರಾಧಕ, ಮೂರು ತಲೆಮಾರಿನ ಪರಂಪರೆಯ ವಾರಸುದಾರ. ಆ ಅಧಿಕಾರದಿಂದಲೇ ಬರೆಯುತ್ತಿದ್ದೇನೆ.

ತಾವು ಕೋವಿಯ ತೂಕ ನೋಡಿದ್ದೀರಿ, ಉದ್ದ ನೋಡಿದ್ದೀರಿ, ಜಾತಕ ನೋಡಿಲ್ಲ. ಅದು ಬಾಯಿಂದ ಮದ್ದು ಸುರಿದು, ಕಬ್ಬಿಣದ ಕಡ್ಡಿಯಿಂದ ಜಡಿದು, ಆಮೇಲೆ ದೇವರ ಮೇಲೆ ಭಾರ ಹಾಕಿ ಹೊಡೆಯುತ್ತಿದ್ದ ಕಾಲದ್ದು. ಗುಂಡು ಹಾರಿಸುವ ಕುದುರೆಯ ಪಕ್ಕದ ತಗಡಿನ ಮೇಲೆ ಸವೆದುಹೋದ ಒಂದು ಕಿರೀಟದ ಗುರುತಿದೆ. ಯಾವ ಪಲ್ಟನ್ನಿನ ಯಾವ ಸಿಪಾಯಿ ಹೊತ್ತಿದ್ದನೋ, ಯಾರ ಮೇಲೆ ಎತ್ತಿದ್ದನೋ ತಿಳಿಯದು. ಹೊಸ ಬಂದೂಕು ಬಂದಾಗ ಹಳೆಯದನ್ನು ಹರಾಜು ಹಾಕಿದರು, ಅದು ಕೈಯಿಂದ ಕೈಗೆ ದಾಟಿ ತಿ. ನರಸೀಪುರದ ಕಡೆಯ ನಮ್ಮ ತಾತನ ಕೈಗೆ ಬಂತು. ಹಂದಿ ಕಾಟಕ್ಕೆ, ಬೆಳೆ ರಕ್ಷಣೆಗೆ ಎಂದು ಪರವಾನಗಿ ಕೊಟ್ಟವರು ತಮ್ಮ ಕುರ್ಚಿಯಲ್ಲೇ ತಮಗಿಂತ ಬಹಳ ಹಿಂದೆ ಕುಳಿತಿದ್ದವರು.

ತಾತ ಆ ಕೋವಿಯನ್ನು ಹೊಡೆದದ್ದು ಒಂದೇ ಸಲ. ಮುಂಜಾವಿನ ಮಬ್ಬಿನಲ್ಲಿ ಗೆಣಸಿನ ಹೊಲದಲ್ಲಿ ಏನೋ ಅಲುಗಾಡಿತಂತೆ. ಹೊಡೆದರು. ಹೊಗೆ ಕರಗಿದ ಮೇಲೆ ನೋಡಿದರೆ ಹಂದಿ ಗೆಣಸು ತಿಂದು ಹೋಗಿತ್ತು, ಎದೆಗೆ ತೂತು ಬಿದ್ದು ಮಲಗಿದ್ದದ್ದು ಬೆದರುಬೊಂಬೆ. ಬೊಂಬೆಗೆ ತೊಡಿಸಿದ್ದು ತಾತನದೇ ಹಳೆಯ ಅಂಗಿ. ಅಂಗಿಯ ಎಡಗಡೆಯಲ್ಲಿ ತೂತು. ತಾತ ಆ ಅಂಗಿಯನ್ನು ಬಿಚ್ಚಿ, ಮಡಿಸಿ, ಮನೆಗೆ ಬಂದು ಸ್ನಾನ ಮಾಡಿ, ಕೋವಿಯನ್ನೂ ತೊಳೆದು, ತಮಗೂ ಅದಕ್ಕೂ ಒಟ್ಟಿಗೆ ವಿಭೂತಿ ಇಟ್ಟುಕೊಂಡರು. ಗುರಿ ತಪ್ಪಿದ ಕೋವಿ ಗುಡಿ ಸೇರಿತು. ಅಂದಿನಿಂದ ಅದು ಆಯುಧವಲ್ಲ, ಮನೆದೇವರ ಕಿರಿಯ ತಮ್ಮ.

ನಮ್ಮ ತಂದೆ ಶಿವಮಲ್ಲಪ್ಪ ಸಿಟಿ ಬಸ್ ಡ್ರೈವರ್ ಆಗಿದ್ದರು. ನಗರಕ್ಕೆ ಬರುವಾಗ ಊರಿಂದ ತಂದದ್ದು ಲಿಂಗದ ಕರಡಿಗೆ, ಬೀಸುವ ಕಲ್ಲು ಮತ್ತು ಈ ಕೋವಿ. ವಾರವೆಲ್ಲ ಸ್ಟೀರಿಂಗು ಹಿಡಿದ ಕೈಗೆ ಭಾನುವಾರ ಕೋವಿ. ಪಡಸಾಲೆಯಲ್ಲಿ ಹಳೆಯ ಜಮಖಾನ ಹಾಸಿ, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ, ಪಂಚೆಯ ಚೂರು, ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು ಇಟ್ಟುಕೊಂಡು ಕೂರುತ್ತಿದ್ದರು. ಎದುರಿಗೆ ಅಮ್ಮ ಪುಟ್ಟಲಿಂಗಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ವಾರದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು. ಅಪ್ಪ ನಳಿಗೆ ಒರೆಸುತ್ತ 'ಹೂಂ' ಅನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಒರೆಸುವ ಕೆಲಸವನ್ನು ಅಮ್ಮ ವಹಿಸಿಕೊಂಡರು. ಪರವಾನಗಿಯನ್ನು ಅವರ ಹೆಸರಿಗೆ ಬದಲಾಯಿಸಲು ತಮ್ಮ ಕಚೇರಿಗೇ ಕರೆತಂದಿದ್ದೆ. ಆಗ ತಮ್ಮ ಸ್ಥಾನದಲ್ಲಿದ್ದವರು ಬಹಳ ಸಜ್ಜನರು.

"ಅಜ್ಜೀ, ಈ ವಯಸ್ಸಲ್ಲಿ ಗನ್ ಯಾತಕ್ಕೆ ನಿಮಗೆ?"

"ಒರ್ಸಾಕೆ."

"ಏನಂದ್ರಿ?"

"ಒರ್ಸಾಕೆ ಕಣಪ್ಪ. ಬುಟ್ರೆ ಧೂಳು ಕೂರ್ತದೆ."

ಅವರು ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು 'ಆತ್ಮರಕ್ಷಣೆ' ಎಂದು ಬರೆದುಕೊಂಡರು. ಇಡೀ ಕಡತದಲ್ಲಿ ಒಪ್ಪಬಹುದಾದ ಮಾತು ಅದೊಂದೇ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ.

ಈಗ ಕಡ್ಲೆಪುರಿಯ ವಿಷಯಕ್ಕೆ ಬರುತ್ತೇನೆ. ಆಯುಧಪೂಜೆಯ ದಿನ ಈ ಊರಿನಲ್ಲಿ ಏನೇನಕ್ಕೆ ಪೂಜೆ ನಡೆಯುತ್ತದೆಂದು ತಮಗೆ ಹೇಳಬೇಕಾಗಿಲ್ಲ. ಲಾರಿಗೆ ನಿಂಬೆಹಣ್ಣು, ಮಿಷನ್ನಿಗೆ ಬೂದುಗುಂಬಳ, ನಮ್ಮ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ ಸೇವಂತಿಗೆ ಹಾರ. ಎಲ್ಲೆಡೆ ಕಡ್ಲೆಪುರಿ, ಬತ್ತಾಸು, ಕಾಯಿಚೂರು, ಬಾಳೆಹಣ್ಣು. ನಮ್ಮ ಮನೆಯಲ್ಲೂ ಅಷ್ಟೆ, ಆದರೆ ಅಮ್ಮನ ತರ್ಕ ಒಂದು ಹೆಜ್ಜೆ ಮುಂದೆ. ಲಾರಿಗೆ ಬಾಯಿಲ್ಲ, ಮಿಷನ್ನಿಗೆ ಬಾಯಿಲ್ಲ, ಕೋವಿಗೆ ಇದೆ. ಬಾಯಿ ಇರುವುದರ ಮುಂದೆ ಎಡೆ ತೋರಿಸಿ ನಾವು ತಿನ್ನುವುದು ಯಾವ ನ್ಯಾಯ? ಹಾಗಾಗಿ ಸೊಸೆಯಾಗಿ ಬಂದ ವರ್ಷದಿಂದ ಪ್ರತಿ ಆಯುಧಪೂಜೆಗೂ ಕೋವಿಯ ಬಾಯಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಒಂದು ಹಿಡಿ ಪುರಿ, ಒಂದು ಬತ್ತಾಸು, ಒಂದು ಚೂರು ಕೊಬ್ಬರಿ, ರಸಬಾಳೆ ಸಿಕ್ಕ ವರ್ಷ ರಸಬಾಳೆ, ಎಲ್ಲವನ್ನೂ ಒಳಗೆ ಬಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬಂದಿದ್ದಾರೆ. ಒಮ್ಮೆ ನನ್ನ ಹೆಂಡತಿ ಸುಷ್ಮಾ ಕೇಳಿದಳು.

"ಅತ್ತೆ, ಒಳಗೆ ಇರುವೆ ಆಗಲ್ವಾ?"

"ಆಗ್ಲಿ ಬುಡವ್ವ. ಅವೂ ಹಬ್ಬ ಮಾಡ್ಲಿ."

ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಚಾಪೆಯಲ್ಲಿ ಸುತ್ತಿ, ಆಟೋದಲ್ಲಿ ಮಲಗಿಸಿ, ಅದರ ಕಾಲು ಹೊರಗೆ ಚಾಚದಂತೆ ಹಿಡಿದುಕೊಂಡು ಠಾಣೆಗೆ ಒಯ್ಯುವುದು ನನ್ನ ಕೆಲಸ. ವಿಧಾನಸಭೆಗೆ ಒಯ್ದಿದ್ದೇನೆ, ಪಾಲಿಕೆಗೆ ಒಯ್ದಿದ್ದೇನೆ. ನನಗಿಂತ ನಿಷ್ಠೆಯಿಂದ ಪ್ರಜಾಪ್ರಭುತ್ವದಲ್ಲಿ ಪಾಲ್ಗೊಂಡದ್ದು ಆ ಕೋವಿ. ಪ್ರತಿ ಸಲ ಸಿಬ್ಬಂದಿ ನಗುತ್ತ "ಏನ್ ಸಾರ್, ಅಜ್ಜಿ ಗನ್ ಬಂತಾ?" ಎಂದು ತೆಗೆದುಕೊಂಡು, ಫಲಿತಾಂಶದ ಮಾರನೆಯ ವಾರ ಹಾಗೆಯೇ ಕೊಡುತ್ತಿದ್ದರು. ಈ ಸಲ ವಾಪಸು ತರಲು ಹೋದಾಗ ಹೊಸ ಠಾಣಾಧಿಕಾರಿಗಳು ಬಂದಿದ್ದರು. ಕ್ರಮಬದ್ಧ ಮನುಷ್ಯ. ಕೊಡುವ ಮುನ್ನ ಖಾಲಿ ಇದೆಯೇ ಎಂದು ನೋಡಲು ನಳಿಗೆಯೊಳಗೆ ಕಡ್ಡಿ ಇಳಿಸಿದರು. ಕಡ್ಡಿ ಅರ್ಧಕ್ಕೇ ನಿಂತಿತು.

"ರೀ, ಇದು ಲೋಡ್ ಆಗಿದೆ ಕಣ್ರೀ."

"ಇಲ್ಲ ಸಾರ್, ಅದು ಪ್ರಸಾದ."

"ಪ್ರಸಾದ ಯಾರ್ರೀ? ಅವನ ಹೆಸರಲ್ಲಿದೆಯಾ ಲೈಸೆನ್ಸು?"

ನಾನು ವಿವರಿಸಿದೆ. ವಿವರಿಸುತ್ತ ಹೋದಂತೆ ಸುತ್ತಲಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ದೂರು ಕೊಡಲು ಬಂದಿದ್ದ ಒಬ್ಬ ಹೆಂಗಸು ದೂರನ್ನೇ ಬಿಟ್ಟು ಹೊರಗೆ ಹೋದರು. ಕೋವಿಯನ್ನು ಇಬ್ಬರು ಹೆಣ ಹೊತ್ತಂತೆ ಹೊತ್ತು ಹಿಂದಿನ ಕೋಣೆಗೆ ಒಯ್ದರು. ಅದರ ಸುತ್ತ ಮರಳಿನ ಬಕೆಟ್ಟು, ಬಾಯಿ ಗೋಡೆಯ ಕಡೆ. ಮನೆಗೆ ಬಂದು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು.

"ಗೋಡೆ ಕಡೆ ಮೊಕ ಮಾಡಿ ನಿಲ್ಸವ್ರಾ? ಅದೇನು ಮಗ್ಗಿ ತಪ್ಪೋಯ್ತಾ?"

ಆಮೇಲೆ ಶುರುವಾಯಿತು ತಮ್ಮ ಪತ್ರಗಳ ಮಳೆ. ಹೋದದ್ದು ಕೋವಿ, ಬಂದದ್ದು ನೋಟಿಸು. 'ನಳಿಗೆಯಲ್ಲಿ ಗುರುತಿಸಲಾಗದ ಹರಳಿನಂಥ ಪದಾರ್ಥ ಕಂಡುಬಂದಿದ್ದು' ಎಂದು ಮೊದಲನೆಯದು. ಕಡ್ಲೆಪುರಿಯನ್ನು ಗುರುತಿಸಲಾಗದ ಅಧಿಕಾರಿಯೊಬ್ಬರು ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದಾರೆಂಬುದೇ ಪ್ರತ್ಯೇಕ ತನಿಖೆಗೆ ಅರ್ಹ ಎಂದು ಉತ್ತರಿಸಿದೆ. ಆ ಉತ್ತರದಿಂದ ಪ್ರಯೋಜನವಾಗಲಿಲ್ಲ. ಪದಾರ್ಥದ ಒಂದು ಚಿಟಿಕೆಯನ್ನು ಕೆರೆದು ಪ್ರಯೋಗಾಲಯಕ್ಕೆ ಕಳಿಸಿದರು. ಬಹುಕಾಲದ ಮೇಲೆ ವರದಿ ಬಂತು: ಅಕ್ಕಿ, ಸಕ್ಕರೆ, ತೆಂಗಿನ ನಾರು, ಬೂದಿ, ಅರಿಶಿನ, ಮೃತ ಇರುವೆಗಳು. ಇಷ್ಟು ಸಾಲದೇ? ಸಾಲದು. ಸ್ಫೋಟಕ ಸಿಕ್ಕಿಲ್ಲವೆಂದರೆ ಸ್ಫೋಟಕ ಇಲ್ಲವೆಂದು ಅರ್ಥವಲ್ಲ, ಮೇಲಿನ ಪದರ ಮಾತ್ರ ಪರೀಕ್ಷೆಯಾಗಿದೆ, ಕೆಳಗಿನ ಪದರಗಳಲ್ಲಿ ಏನಿದೆಯೋ ಎಂದು ತಾವು ಬರೆದಿರಿ. ನಾನು ಹೇಳುತ್ತೇನೆ, ಮಾನ್ಯರೇ. ಮೇಲಿನದು ಈಚಿನ ವರ್ಷಗಳ ದಸರಾ. ಅದರ ಕೆಳಗಿನದು ಕೊರೋನಾ ಕಾಲದ ದಸರಾ, ಅದರಲ್ಲಿ ಬತ್ತಾಸು ಇಲ್ಲ, ಅಂಗಡಿ ಮುಚ್ಚಿತ್ತು. ಅದರ ಕೆಳಗೆ ನನ್ನ ಮದುವೆಯ ವರ್ಷ. ಇನ್ನೂ ಕೆಳಗೆ ನಾನು ಹುಟ್ಟಿದ ವರ್ಷ. ಅಗೆದು ನೋಡುವ ಇಲಾಖೆಯವರನ್ನು ಕರೆಸಿ, ಬೇಡ ಎನ್ನುವುದಿಲ್ಲ.

ಇಲಾಖೆಯವರ ಬದಲು ತಾವು ತಜ್ಞರನ್ನು ಕರೆಸಿದಿರಿ. ನಜರ್‌ಬಾದಿನ ಸಿದ್ದಲಿಂಗಸ್ವಾಮಿಯವರು, ನಿವೃತ್ತ ಅಧ್ಯಾಪಕರು, ಹಳೆಯ ಸೈನ್ಯದ ಬಂದೂಕುಗಳನ್ನು ಕೂಡಿಟ್ಟು ಕಾಪಾಡುವುದೇ ಅವರ ಹವ್ಯಾಸ. ಅದಕ್ಕಾಗಿ ಅವರು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದ್ದಾರಂತೆ, ಹೊಗೆ ತಾಗಬಾರದೆಂದು. ಅವರು ಠಾಣೆಗೆ ಬರುವ ದಿನ ಅಮ್ಮನೂ ಹಠ ಹಿಡಿದು ಬಂದರು. ಸ್ವಾಮಿಯವರು ಬಿಳಿ ಕೈಗವಸು ಹಾಕಿಕೊಂಡು, ಕೋವಿಯನ್ನು ಎಳೆಮಗುವನ್ನು ಎತ್ತಿದಂತೆ ಎತ್ತಿದರು. ಅಮ್ಮ ಮುಟ್ಟಲು ಕೈ ಚಾಚಿದಾಗ ತಡೆದರು.

"ಬರಿಗೈ ಬೇಡಮ್ಮ, ಬೆವರಲ್ಲಿ ಉಪ್ಪಿರುತ್ತೆ. ಒಂದು ಬೆರಳಚ್ಚು ಬಿದ್ರೆ ಸಾಕು, ಮಳೆಗಾಲ ಮುಗಿಯೋದ್ರೊಳಗೆ ತುಕ್ಕು. ಮರಕ್ಕೆ ಅಗಸೆ ಎಣ್ಣೆ, ಅದೂ ತೆಳ್ಳಗೆ. ಹಿತ್ತಾಳೆನ ಉಜ್ಜಲೇಬಾರದು. ಆ ಹಳೇ ಬಣ್ಣ ಇದೆಯಲ್ಲ, ಅದೇ ಅದರ ವಯಸ್ಸಿಗೆ ಸಾಕ್ಷಿ."

"ಹುಣಸೆಹಣ್ಣು ಆಯ್ತದಾ ಸ್ವಾಮಿ?"

ಸ್ವಾಮಿಯವರು ಹಿತ್ತಾಳೆ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಆಮೇಲೆ ಟಾರ್ಚು ಬಿಟ್ಟು ಹೊರಗೆಲ್ಲ ನೋಡಿದರು, ತಿರುಗಿಸಿ ನೋಡಿದರು, ಕಿರೀಟದ ಗುರುತನ್ನು ಭೂತಗನ್ನಡಿಯಲ್ಲಿ ನೋಡಿದರು.

"ಹೊರಗಡೆ ಯಾರಮ್ಮ ನೋಡ್ಕೊಂಡಿದ್ದು ಇದನ್ನ?"

"ನಮ್ಮೆಜಮಾನ್ರು. ಆಮ್ಯಾಕೆ ನಾನು."

"ನನ್ನ ಹತ್ರ ಇರೋ ಒಂದೂ ಇಷ್ಟು ಚೆನ್ನಾಗಿಲ್ಲ. ಒಳಗಡೆ ಯಾರು?"

"ಅದೂ ನಾನೇಯ."

"ಹೊರಗೆ ಮದುವೆ ಹೆಣ್ಣು, ಒಳಗೆ ಮದುವೆಮನೆ ಉಗ್ರಾಣ ಮಾಡಿಟ್ಟಿದ್ದೀರಲ್ಲಮ್ಮ."

ಅಮ್ಮ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಸ್ವಾಮಿಯವರು ಕೋವಿಯನ್ನು ಕೆಳಗಿಡಲು ಮನಸ್ಸಿಲ್ಲದೆ ಇಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ಬಿಡುಗಡೆಯಾದರೆ ತಮಗೇ ಕೊಡುವಿರಾ ಎಂದು ಪಿಸುಗುಟ್ಟಿದರು. ನನ್ನ ಮುಖ ನೋಡಿ, ಅಲ್ಲ, ಅಮ್ಮನ ಮುಖ ನೋಡಿ, ಆ ಮಾತನ್ನು ಅಲ್ಲಿಗೇ ಬಿಟ್ಟರು.

ಅವರ ಅಭಿಪ್ರಾಯ ತಮ್ಮ ಕಡತದಲ್ಲಿದೆ. ಹಳೆಯ ಮಾದರಿಯ, ಪುರಾತನ ಬೆಲೆಯುಳ್ಳ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಆಯುಧಕ್ಕೆ ಕಾನೂನಿನ ಕಟ್ಟುಪಾಡಿಲ್ಲ, ಆದ್ದರಿಂದ ಮನೆಗೆ ಕಳಿಸಬಹುದು ಎಂದು ಅವರು ಬರೆದರು. ತಾವು ಕೇಳಿದಿರಿ, ದುರಸ್ತಿ ಮಾಡಿದರೂ ಹಾರಿಸಲಾಗದೆಂದು ದುರಸ್ತಿ ಮಾಡದೆ ಹೇಳುವುದು ಹೇಗೆ? ಸರಿ, ಪುರಿ ತೆಗೆದು ನೋಡೋಣವೆಂದೆವು. ತೆಗೆದರೆ ನಳಿಗೆ ಸ್ವಚ್ಛವಾಗಿ ಕೋವಿ ಕೆಲಸ ಮಾಡಬಹುದು, ಆಗ ಅದು ಪುರಾತನ ವಸ್ತುವಲ್ಲ, ಜೀವಂತ ಆಯುಧ, ಆಗ ಅಜ್ಜಿಯ ವಯಸ್ಸನ್ನು ನೋಡಿ ಪರವಾನಗಿ ರದ್ದು ಎಂದಿರಿ. ತೆಗೆಯದಿದ್ದರೆ? ತೆಗೆಯದಿದ್ದರೆ ಅದು ತುಂಬಿದ ಕೋವಿ, ತುಂಬಿದ ಕೋವಿಯನ್ನು ಯಾರ ಕೈಗೂ ಕೊಡುವಂತಿಲ್ಲ. ಹಾಗಾದರೆ ತೆಗೆದರೂ ತಪ್ಪು, ತೆಗೆಯದಿದ್ದರೂ ತಪ್ಪು, ಇಟ್ಟುಕೊಂಡ ತಾವು ಮಾತ್ರ ತೆಪ್ಪಗೆ. ಇಂಥ ಬಿಗಿಯಾದ ಮುಚ್ಚಳವನ್ನು ನನ್ನ ತಾಯಿ ಉಪ್ಪಿನಕಾಯಿ ಜಾಡಿಗೂ ಹಾಕಿಲ್ಲ.

ಇನ್ನು ಹೋದ ವರ್ಷದ ಆಯುಧಪೂಜೆ. ಅಂದು ಬೆಳಗ್ಗೆ ಅಮ್ಮ ಹೊಸ ಸೀರೆ ಉಟ್ಟು, ಬುಟ್ಟಿಯಲ್ಲಿ ಹೂವು, ಕುಂಕುಮ, ಪುರಿ ಇಟ್ಟುಕೊಂಡು ಠಾಣೆಗೆ ಹೊರಟರು. ನಾನು ಹಿಂದೆ ಹೋದೆ. ಠಾಣೆ ಮದುವೆಮನೆಯಂತಿತ್ತು. ಜೀಪಿಗೆ ಬಾಳೆಕಂದು, ರೈಫಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಚೆಂಡುಹೂವಿನ ಹಾರ, ಲಾಠಿಗಳಿಗೂ ಗಂಧ. ಕೈಕೋಳಗಳಿಗೂ ಕುಂಕುಮ ಇಟ್ಟಿದ್ದರು. ಅಮ್ಮ ಅಲ್ಲಿದ್ದ ಪೇದೆಯವರನ್ನು ಕೇಳಿದರು.

"ಸ್ವಾಮಿ, ನಮ್ದುಕ್ಕೂ ಒಂದ್ ಬೊಟ್ಟು ಇಟ್ಬುಟ್ಟು ಓಗ್ತೀನಿ."

"ಆಗಲ್ಲ ಅಜ್ಜಿ, ಅದು ತನಿಖೇಲಿದೆ. ಮುಟ್ಟೋ ಹಾಗಿಲ್ಲ."

"ಇವಕ್ಕೆಲ್ಲ ಇಟ್ಟಿದ್ದೀರಲ್ಲಪ್ಪ."

"ಇವು ಸರ್ಕಾರದ್ದು ಅಜ್ಜಿ."

"ಸರ್ಕಾರದ್ದಕ್ಕೆ ದೇವ್ರು ಬ್ಯಾರೆನಾ?"

ಪೇದೆಯವರು ಅಮ್ಮನ ಕೈಗೆ ಒಂದು ಪೊಟ್ಟಣ ಪ್ರಸಾದ ಕೊಟ್ಟರು. ಅಮ್ಮ ಪೊಟ್ಟಣ ಬಿಚ್ಚಿ ನೋಡಿದರು, ಕಡ್ಲೆಪುರಿ. ಗುರುತಿಸಲಾಗದ ಹರಳಿನಂಥ ಪದಾರ್ಥವನ್ನು ಠಾಣೆಯವರೇ ಊರಿಗೆಲ್ಲ ಹಂಚುತ್ತಿದ್ದರು.

ಮುಂದಿನ ಭಾಗ ತಮಗೆ ಗೊತ್ತು, ಏಕೆಂದರೆ ನೋಟಿಸಿಗೆ ಸಹಿ ಹಾಕಿದವರು ತಾವೇ. ಹಬ್ಬದ ಮರುವಾರ ತಪಾಸಣೆ ಮಾಡಿದಾಗ ಕೋವಿಯ ಬಾಯಿಗೆ ಹೊಸ ಕುಂಕುಮ ಕಂಡುಬಂತಂತೆ. ಒಳಗಿನ ಪದಾರ್ಥವೂ ಒಂದು ಹಿಡಿಯಷ್ಟು ಏರಿತ್ತಂತೆ. 'ಇಲಾಖೆಯ ವಶದಲ್ಲಿರುವ ವಸ್ತುವಿನಲ್ಲಿ ಪದಾರ್ಥ ಹೆಚ್ಚಳವಾದ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು' ಎಂದು ನನಗೆ ಆದೇಶ. ಬೀಗ ತಮ್ಮದು, ಬಾಗಿಲು ತಮ್ಮದು, ಕಾವಲು ತಮ್ಮದು, ಸಮಜಾಯಿಷಿ ನನ್ನದು. ಠಾಣೆಯಲ್ಲಿ ಯಾರೋ ಒಬ್ಬರಿಗೆ, ಊರೆಲ್ಲ ಹಬ್ಬ ಮಾಡುವಾಗ ಮೂಲೆಯಲ್ಲಿ ಗೋಡೆ ನೋಡುತ್ತ ನಿಂತಿದ್ದ ಕೋವಿಯನ್ನು ಕಂಡು ಮನಸ್ಸು ತಡೆಯದೆ ಹೋಗಿರಬಹುದು. ಅವರು ಯಾರೆಂದು ನನಗೆ ತಿಳಿಯದು, ತಿಳಿದರೂ ಹೇಳುವುದಿಲ್ಲ. ಅಮ್ಮನಿಗೆ ಈ ಸುದ್ದಿ ಹೇಳಿದಾಗ ಅವರು ದೇವರಮನೆಗೆ ಹೋಗಿ, ಹೆಸರು ಗೊತ್ತಿಲ್ಲದ ಆ ಮನುಷ್ಯನ ಹೆಸರಿನಲ್ಲಿ ಒಂದು ದೀಪ ಹಚ್ಚಿ ಬಂದರು. ಇಲಾಖೆಯ ಮೇಲೆ ನಮ್ಮ ಮನೆಯಲ್ಲಿ ಉಳಿದಿರುವ ವಿಶ್ವಾಸವೆಲ್ಲ ಆ ಒಂದು ಬೊಟ್ಟು ಕುಂಕುಮದಷ್ಟೇ. ಅದನ್ನೂ ತಾವು ಅಪರಾಧದ ಪಟ್ಟಿಗೆ ಸೇರಿಸಿದ್ದೀರಿ.

ಮಾನ್ಯರೇ, ವಿಜಯದಶಮಿಯ ದಿನ ಇದೇ ನಗರದಲ್ಲಿ ಹಳೆಯ ಫಿರಂಗಿಗಳಿಗೆ ಮದ್ದು ತುಂಬಿ ಕುಶಾಲತೋಪು ಹಾರಿಸುತ್ತಾರೆ. ಅವೂ ಪುರಾತನ, ಅವಕ್ಕೂ ಪೂಜೆ. ಆ ಸದ್ದಿಗೆ ಆನೆಗಳು ಬೆದರಬಾರದೆಂದು ವಾರಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಮದ್ದು ತುಂಬಿದ್ದಕ್ಕೆ ಮರ್ಯಾದೆ, ಪುರಿ ತುಂಬಿದ್ದಕ್ಕೆ ವಿಚಾರಣೆ, ಇದು ಯಾವ ಲೆಕ್ಕ? ಆನೆಗಳಿಗೆ ಕೊಡುವ ತರಬೇತಿಯನ್ನು ಸ್ವಲ್ಪ ವಿಸ್ತರಿಸಿ, ಕಡ್ಲೆಪುರಿಗೆ ಬೆದರದಂತೆ ಅಧಿಕಾರಿಗಳಿಗೂ ಕೊಡಿಸಬಾರದೇ? ಇಡೀ ಜಿಲ್ಲೆಯಲ್ಲಿ ಇಷ್ಟು ನಿರುಪದ್ರವಿಯಾದ ಕೋವಿ ಇನ್ನೊಂದಿದೆಯೇ? ಆಯುಧಗಳು ಬಾಯಿ ತೆರೆದರೆ ಸಾವು ಬರುತ್ತದೆ. ಇದು ಬಾಯಿ ತೆರೆದದ್ದೆಲ್ಲ ತಿನ್ನಲಿಕ್ಕೆ. ಪಲ್ಟನ್ನಿನಲ್ಲಿ ಹುಟ್ಟಿ, ಬೊಂಬೆಯೊಂದನ್ನು ಕೊಂದು, ಪಶ್ಚಾತ್ತಾಪದಿಂದ ಸಾತ್ವಿಕವಾದ ಜೀವ ಅದು. ಅದನ್ನು ಕರಗಿಸಿದರೆ ಬರುವ ಕಬ್ಬಿಣದಲ್ಲಿ ತಾವು ಏನು ಮಾಡಿಸುತ್ತೀರಿ? ಕಿಟಕಿಯ ಸರಳೇ? ಅದರ ಮೇಲೂ ಇರುವೆ ಹತ್ತುತ್ತದೆ, ನೋಡಿಕೊಳ್ಳಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಈ ಸಲದ ಆಯುಧಪೂಜೆಗೆ ಮುಂಚೆ ಕೋವಿಯನ್ನು ಮನೆಗೆ ಕಳಿಸಿಕೊಡಿ. ಕರಗಿಸುವ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಅದರ ಬಾಯಿಯ ಬಗ್ಗೆ ಭಯವಿದ್ದರೆ ಸೀಸ ಹುಯ್ಯಿಸಿ, ಬಿರಡೆ ಜಡಿಸಿ, ಸರ್ಕಾರಿ ಮೊಹರು ಒತ್ತಿಸಿ, ಎಲ್ಲಕ್ಕೂ ಒಪ್ಪಿಗೆ. ಸಿದ್ದಲಿಂಗಸ್ವಾಮಿಯವರು ತಿಂಗಳಿಗೊಮ್ಮೆ ಕೈಗವಸು ಹಾಕಿಕೊಂಡು ಬಂದು ನೋಡಿ ಹೋಗಲೂ ಒಪ್ಪಿದ್ದಾರೆ. ಅಮ್ಮನೂ ತಮ್ಮ ಕಡೆಯಿಂದ ಬಹಳ ದೊಡ್ಡ ರಾಜಿ ಮಾಡಿಕೊಂಡಿದ್ದಾರೆ. ನಿನ್ನೆ ಹೇಳಿದರು.

"ಬಾಯ್ಗೆ ಆಕಲ್ಲ ಅಂತ ಬರ್ಕೊಡು ಕಣೋ ವಾಗೀಶ. ಮುಂದೆ ಇಟ್ಟು ತೋರಿಸ್ಬುಟ್ಟು ನಾವೇ ತಿಂತೀವಿ. ಎಲ್ಲಾ ದೇವ್ರಿಗೂ ಅಂಗೇ ತಾನೆ ಮಾಡೋದು."

ಒಬ್ಬ ಭಕ್ತೆ ಇದಕ್ಕಿಂತ ಕೆಳಗೆ ಇಳಿಯಲಾರಳು. ತಾವು ಒಂದು ಮೆಟ್ಟಿಲು ಇಳಿಯಿರಿ.

ಇಂತಿ,
ಪುರಾತನ ಆಯುಧಗಳ ಆರಾಧಕ, ಮೂರು ತಲೆಮಾರಿನ ಪರಂಪರೆಯ

ಇಲ್ಲ. ಈ ಸಾಲನ್ನು ಹೊಡೆದುಹಾಕುತ್ತಿದ್ದೇನೆ.

ನಾನು ಯಾವ ಆಯುಧದ ಆರಾಧಕನೂ ಅಲ್ಲ. ನನಗೆ ಕೋವಿ ಕಂಡರೆ ಭಯ. ಅದನ್ನು ಬರಿಗೈಯಲ್ಲಿ ಒಮ್ಮೆಯೂ ಮುಟ್ಟಿಲ್ಲ. ಚಾಪೆಯಲ್ಲಿ ಸುತ್ತುವುದು ಸುಷ್ಮಾ, ನಾನು ಹಿಡಿಯುವುದು ಚಾಪೆಯನ್ನು. ತಾವು ಅದನ್ನು ಇಟ್ಟುಕೊಂಡಿರೆಂದು ತಿಳಿದ ದಿನ ನನಗೆ ಸಮಾಧಾನವೇ ಆಗಿತ್ತು. ಪರಂಪರೆ, ಕಿರೀಟದ ಗುರುತು, ಕುಶಾಲತೋಪು, ಇವೆಲ್ಲ ಪತ್ರಕ್ಕೆ ತೂಕ ಬರಲೆಂದು ತುಂಬಿದ್ದು.

ವಿಷಯ ಇಷ್ಟೆ. ಅಮ್ಮ ಭಾನುವಾರ ಈಗಲೂ ಪಡಸಾಲೆಯಲ್ಲಿ ಆ ಜಮಖಾನ ಹಾಸುತ್ತಾರೆ. ಬಟ್ಟಲಿಗೆ ಎಣ್ಣೆ ಹಾಕಿಕೊಳ್ಳುತ್ತಾರೆ, ಪಂಚೆಯ ಚೂರು ತೆಗೆದುಕೊಳ್ಳುತ್ತಾರೆ. ವಾರದ ಸುದ್ದಿ ಶುರುಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಕೈಗೆ ಏನೂ ಸಿಗದೆ ಮಾತು ನಿಂತುಹೋಗುತ್ತದೆ. ಒಂದು ದಿನ ಎದುರಿಗೆ ಕೂತು ನಾನೇ 'ಹೂಂ' ಅಂದೆ. "ನೀನಲ್ಲ ಕಣೋ, ಎದ್ದೋಗು" ಅಂದರು.

ನಮ್ಮಪ್ಪ ಎರಡು ಸಲ ಹೋದರು, ಮಾನ್ಯರೇ. ಮೊದಲ ಸಲ ಯಾರೂ ರಸೀದಿ ಕೊಡಲಿಲ್ಲ. ಎರಡನೆಯ ಸಲ ತಾವು ಕೊಟ್ಟಿದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಪುಟ್ಟಲಿಂಗಮ್ಮನ ಮಗ,
ವಾಗೀಶ
ವಿದ್ಯಾರಣ್ಯಪುರಂ, ಮೈಸೂರು